ಘಟ್ಟ ಇಳಿಯುವ ಮುನ್ನ

ವಲಸೆಗಾರರ ಹಕ್ಕು ಎಂದ ಕೂಡಲೇ ಎಲ್ಲರಿಗೂ ಪಾಸ್‌ಪೋರ್ಟ್, ವೀಸಾ, ಅಮೆರಿಕದ ಗಡಿಗೋಡೆ ನೆನಪಾಗುತ್ತವೆ. ಖಾನಾಪುರ ತಾಲೂಕಿನವರಿಗೆ ಪರದೇಶ ಅಂದರೆ ಗೋವಾ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಟ್ಟ ಇಳಿದರೆ ಕೇರಿ ಚೆಕ್‌ಪೋಸ್ಟ್. ಲೋಂಡಾದಲ್ಲಿ ರೈಲು ಹತ್ತಿದರೆ ಕ್ಯಾಸಲ್‌ರಾಕ್, ದೂಧಸಾಗರ, ಆಮೇಲೆ ಕುಳೆಂ. ದೇಶದ ಯಾವ ಮೂಲೆಗಾದರೂ ಹೋಗಿ ನೆಲೆಸಿ ದುಡಿಯಬಹುದು ಎಂದು ಸಂವಿಧಾನದ 19ನೇ ವಿಧಿ ಹೇಳುತ್ತದೆ. ಆದರೆ ರೇಷನ್, ಮತ, ಕಾರ್ಮಿಕ ಕಾರ್ಡು, ಮಕ್ಕಳ ಶಾಲೆ ಯಾವುದೂ ತಾನಾಗಿ ಘಟ್ಟ ಇಳಿಯುವುದಿಲ್ಲ. ಯಾರಾದರೂ ಇಳಿಸಬೇಕು.

ಬೆಳಗಾವಿ ಮತ್ತು ಖಾನಾಪುರದಲ್ಲಿ ಕೂಲಿಕಾರರ ಸಂಘ ಕಟ್ಟುತ್ತ ಗೊತ್ತಾದ ಕೆಲವು ಸಂಗತಿಗಳು ಇಲ್ಲಿವೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಬಂದಾಗೊಮ್ಮೆ ಕೇಳುತ್ತಾರೆ, ಅದಕ್ಕೆ ಬರೆದಿಟ್ಟೆ. ನನ್ನ ಮಟ್ಟಿಗೆ ಇವೆಲ್ಲ ಒಂದೇ ಮಾತಿಗೆ ಬಂದು ಕೂಡುತ್ತವೆ: ಗೋವಾದಲ್ಲಿ ಸಿಗಬೇಕಾದ ನ್ಯಾಯದ ಮುಕ್ಕಾಲು ಪಾಲು ಕೆಲಸ ಊರಲ್ಲೇ, ಹೊರಡುವ ಮೊದಲೇ ಆಗಬೇಕು.

1. ಸಭೆಯ ದಿನವನ್ನು ಊರು ಗೊತ್ತು ಮಾಡುತ್ತದೆ

ಖಾನಾಪುರದ ಮಳೆಗಾಲದಲ್ಲಿ ಗಂಡಸರು ಬಹುಪಾಲು ಊರಲ್ಲೇ ಇರುತ್ತಾರೆ. ನಾಟಿ ಮುಗಿಯುತ್ತದೆ, ಗಣೇಶ ಚೌತಿ ಆಗುತ್ತದೆ, ಕೆಲವರು ಆಗಲೇ ಹೊರಡುತ್ತಾರೆ, ಉಳಿದವರು ದೀಪಾವಳಿ ಮುಗಿಸಿ ಹೊರಡುತ್ತಾರೆ. ಅಲ್ಲಿಂದ ಮುಂದೆ ಊರಿಗೆ ಬರುವುದು ಜಾತ್ರೆಗೆ, ಇಲ್ಲವೇ ಇಲೆಕ್ಷನ್ನಿಗೆ. ಜನವರಿಯ ಒಂದು ಮಂಗಳವಾರ ನಮಗೆ ಬಿಡುವಿದೆ ಎಂದು ಸಭೆ ಕರೆದರೆ ಮುದುಕರೂ ಶಾಲೆ ತಪ್ಪಿಸಿದ ಮಕ್ಕಳೂ ಬಂದು ಕೂರುತ್ತಾರೆ.

ಹಬ್ಬದ ವಾರದಲ್ಲಿ ಕೂಡಿದಾಗ ಭಾಷಣ ಬೇಡ. ಒಂದು ಟೇಬಲ್ ಹಾಕಿ, ಎಲ್ಲರ ಕಾಗದಗಳನ್ನು ಹರಡಿ ನೋಡಿ. ಆಧಾರ್‌ನಲ್ಲಿ ‘ಯಲ್ಲಪ್ಪ’, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ‘ಎಲ್ಲಪ್ಪಾ’, ರೇಷನ್ ಕಾರ್ಡಿನಲ್ಲಿ ಅಡ್ಡಹೆಸರೇ ಬೇರೆ. ತಾಲೂಕಿನ ಪಡುವಣ ಭಾಗದವರ ಒಂದು ಕಾಗದದಲ್ಲಿ ಹೆಸರು ಮರಾಠಿ ರೀತಿಯಲ್ಲಿ ಅಪ್ಪನ ಹೆಸರು ಸೇರಿಕೊಂಡು ಇರುತ್ತದೆ, ಇನ್ನೊಂದರಲ್ಲಿ ಬರೀ ಇನಿಶಿಯಲ್. ಊರಲ್ಲಿದ್ದಾಗ ಇದು ಯಾರಿಗೂ ತೊಂದರೆ ಕೊಡುವುದಿಲ್ಲ. ಮಡಗಾಂವದ ಕಚೇರಿಯೊಂದರ ಕಿಟಕಿಯ ಮುಂದೆ ನಿಂತಾಗ ಈ ಹೆಸರುಗಳೆಲ್ಲ ಒಬ್ಬನವೇ ಎಂದು ತೋರಿಸಿಕೊಡಲು ಒಂದು ದಿನದ ಕೂಲಿ ಹೋಗುತ್ತದೆ. ತಿದ್ದಿಸುವ ಕೆಲಸ ಸೆಪ್ಟೆಂಬರ್‌ನಲ್ಲೇ ಆಗಲಿ.

2. ಗುತ್ತೇದಾರನ ಮೇಲೆ ಯಾರಿದ್ದಾರೆ?

“ಯಾರ ಕೈಯಾಗ ಕೆಲಸಪಾ ತಮ್ಮಾ?” ಎಂದರೆ “ನಮ್ಮ ಮಾವನ ಕೈಯಾಗರಿ” ಎನ್ನುತ್ತಾನೆ. ಮಾವನ ಮೇಲೆ ಯಾರು? “ಅಂವಾ ಸೇಟ ಅದಾನಲ್ರಿ.” ಸೇಟನ ಹೆಸರು? ಗೊತ್ತಿಲ್ಲ.

ನಮ್ಮ ಜನ ದಲ್ಲಾಳಿಯ ಹಿಂದೆ ಹೋಗುವುದಕ್ಕಿಂತ ಸೋದರಮಾವ, ಷಡ್ಡಕ, ಓಣಿಯ ಗೌಂಡಿ ಇವರ ಹಿಂದೆ ಹೋಗುವುದೇ ಹೆಚ್ಚು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಗುತ್ತೇದಾರನ ಮೂಲಕ ನೇಮಕವಾಗಿ ಹೋದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿತ್ತು. ಪಾಸ್‌ಬುಕ್, ಸ್ಥಳಾಂತರ ಭತ್ಯೆ, ಪ್ರಯಾಣ ಭತ್ಯೆ ಎಲ್ಲ ಅದರಲ್ಲಿತ್ತು. ಮಾವನ ಕೂಡ ಹೋದವನಿಗೆ ಅದರಿಂದ ಏನೂ ದಕ್ಕಲಿಲ್ಲ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಕಾಯ್ದೆ ಹೋಯಿತು. ಈಗಿನ ವ್ಯಾಖ್ಯೆಯಲ್ಲಿ ತಾನಾಗಿ ಹೋಗಿ ಕೆಲಸ ಹಿಡಿದವನೂ ವಲಸೆ ಕಾರ್ಮಿಕನೇ. ಇದು ಒಳ್ಳೆಯದಾಯಿತು. ಆದರೆ ಮೊದಲು ಐವರು ವಲಸೆ ಕೂಲಿಕಾರರಿದ್ದರೆ ಕಾಯ್ದೆ ಅನ್ವಯವಾಗುತ್ತಿತ್ತು, ಈಗ ಹತ್ತು ಜನ ಬೇಕು. ಖಾನಾಪುರದ ಗೌಂಡಿಗಳ ತಂಡ ಸಾಮಾನ್ಯವಾಗಿ ಆರೇಳು ಜನರದು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದರು.

ಹಳೆಯದರಲ್ಲೂ ಹೊಸದರಲ್ಲೂ ಒಂದು ಮಾತು ಉಳಿದುಕೊಂಡಿದೆ: ಗುತ್ತೇದಾರ ಪಗಾರ ಕೊಡದಿದ್ದರೆ ಮೂಲ ಮಾಲೀಕ ಕೊಡಬೇಕು. ಮಾಲೀಕನ ಹೆಸರು ಗೊತ್ತಿದ್ದರೆ ತಾನೇ ಅದರಿಂದ ಉಪಯೋಗ? ಆದ್ದರಿಂದ ಹೋಗುವವರಿಗೆ ಒಂದೇ ಪಾಠ ಹೇಳಿ ಕಳಿಸುತ್ತೇವೆ. ಸೈಟಿನ ಮುಂದೆ ಬಿಲ್ಡರನ ಬೋರ್ಡು ಇರುತ್ತದೆ. ಕಂಪನಿಯ ಹೆಸರು, ಲೈಸೆನ್ಸ್ ನಂಬರು, ದೊಡ್ಡ ಕಟ್ಟಡವಾದರೆ ರೇರಾ ನಂಬರು ಅದರ ಮೇಲೆ ಬರೆದಿರುತ್ತವೆ. ಮೊದಲ ದಿನವೇ ಅದರ ಮುಂದೆ ನಿಂತು ಒಂದು ಸೆಲ್ಫಿ ತೆಗೆದು ಮನೆಗೆ ಕಳಿಸಿ. ಸೆಲ್ಫಿ ಅಂದರೆ ಯಾರೂ ಅನುಮಾನಪಡುವುದಿಲ್ಲ.

3. ಪುರಾವೆ ಜೇಬಿನಲ್ಲೇ ಇರುತ್ತದೆ

ಗೌಂಡಿಗಳ ಹಾಜರಿ ಡೈರಿಯನ್ನು ಹತ್ತಿರದಿಂದ ನೋಡಿದ್ದೀರಾ? ಅಂಗೈಯಗಲದ ಪಾಕೆಟ್ ಡೈರಿ, ಸಿಮೆಂಟು ಮೆತ್ತಿ ಪುಟಗಳು ಗಟ್ಟಿಯಾಗಿರುತ್ತವೆ. ಇಡೀ ದಿನಕ್ಕೆ ಒಂದು ಗೀಟು, ಅರ್ಧ ದಿನಕ್ಕೆ ಅಡ್ಡಗೀಟು, ಸ್ಲ್ಯಾಬ್ ಹಾಕಿದ ರಾತ್ರಿ ಒಂದೂವರೆ. ಪಕ್ಕದಲ್ಲಿ ವಾರದ ಖರ್ಚಿ, ಅಂದರೆ ಲೆಕ್ಕ ಚುಕ್ತಾ ಆಗುವ ತನಕ ಊಟ ಎಣ್ಣೆಗೆ ಕೊಡುವ ಕೈಗಡ. ಪೂರ್ತಿ ಪಗಾರ ಹಬ್ಬಕ್ಕೆ ಊರಿಗೆ ಹೊರಡುವಾಗ. ಮೋಸ ಆಗುವುದು ಆಗಲೇ.

ಡೈರಿಯನ್ನು ಅವನೇ ಬರೆದುಕೊಂಡಿರುತ್ತಾನೆ, ಗುತ್ತೇದಾರನ ಸಹಿ ಇರುವುದಿಲ್ಲ. ಅಧಿಕಾರಿಯ ಮುಂದೆ ಇಟ್ಟರೆ ಗುತ್ತೇದಾರ ನಗುತ್ತಾನೆ. ಬೀಡಿ ಊರಿನ ಕಡೆಯ ಒಂದು ತಂಡಕ್ಕೆ ಹೀಗೇ ಆಯಿತು. ಮೂರು ತಿಂಗಳ ಲೆಕ್ಕ ಬಾಕಿ, “ಇವರು ನಮ್ಮಲ್ಲಿ ಕೆಲಸವನ್ನೇ ಮಾಡಿಲ್ಲ” ಎಂಬ ವಾದ. ಆಗ ತಂಡದ ಚಿಕ್ಕ ಹುಡುಗ ಫೋನ್‌ಪೇ ತೆರೆದ. ಪ್ರತಿ ಶನಿವಾರ ಸಂಜೆ ಖರ್ಚಿ ಬಂದದ್ದು ಬಿಲ್ಡರನ ಸೂಪರ್‌ವೈಸರ್ ಖಾತೆಯಿಂದ. ಶನಿವಾರ, ಶನಿವಾರ, ಶನಿವಾರ, ಸಾಲಾಗಿ. ಅದನ್ನು ಡೈರಿಯ ಪುಟದ ಪಕ್ಕಕ್ಕೆ ಇಟ್ಟರೆ ತಾರೀಕು, ಮೊತ್ತ ಎರಡೂ ಕೂಡಿದವು. ವಾದ ಅಲ್ಲಿಗೆ ನಿಂತಿತು. ಹಣ ಎರಡು ಕಂತಿನಲ್ಲಿ ಬಂತು, ಪೂರ್ತಿ ಬರಲಿಲ್ಲ. ಪೂರ್ತಿ ಬಂದ ಪ್ರಕರಣ ಬಲು ಅಪರೂಪ ಎಂದು ಹೊಸಬರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹೀಗಾಗಿ ಖರ್ಚಿಯನ್ನು ನಗದು ಬೇಡ, ಫೋನಿಗೇ ಹಾಕಿ ಎಂದು ಕೇಳಿ. ಗುತ್ತೇದಾರನಿಗೂ ಅದು ಸಲೀಸು, ಬೇಡವೆನ್ನುವುದಿಲ್ಲ.

4. ಹೆಣ ಘಟ್ಟ ಹತ್ತುವ ಮೊದಲು

ಸೆಂಟ್ರಿಂಗ್ ಮೇಲಿಂದ ಒಬ್ಬ ಬೀಳುತ್ತಾನೆ. ಗುತ್ತೇದಾರ ಆಂಬುಲೆನ್ಸ್ ಮಾಡಿ, ಮನೆಯವರ ಕೈಗೆ ಒಂದಿಷ್ಟು ನೋಟು ತುರುಕಿ, ರಾತ್ರೋರಾತ್ರಿ ಹೆಣವನ್ನು ಊರಿಗೆ ಸಾಗಿಸುತ್ತಾನೆ. ಬೆಳಗ್ಗೆ ಮಣ್ಣು. “ಭಾಳ ಛಲೋ ಮನಶ್ಯಾರಿ, ಗಾಡಿ ಖರ್ಚೂ ಅವನ ಕೊಟ್ಟ” ಎಂದು ಊರವರೇ ಹೊಗಳುತ್ತಾರೆ.

ಆ ರಾತ್ರಿಯೊಳಗೆ ಮೂರು ಕಾಗದ ಹುಟ್ಟಬೇಕು. ಪೊಲೀಸ್ ಠಾಣೆಯ ದೂರು, ಆಸ್ಪತ್ರೆಯ ಮೆಡಿಕೋ–ಲೀಗಲ್ ದಾಖಲೆ, ಮರಣೋತ್ತರ ಪರೀಕ್ಷೆಯ ವರದಿ. ಇವಿಲ್ಲದೆ ಕೆಲಸದ ಜಾಗದಲ್ಲೇ ಸತ್ತ ಎಂಬುದಕ್ಕೆ ಏನೂ ಉಳಿಯುವುದಿಲ್ಲ. ಹೆಣ ಆಗಲೇ ಖಾನಾಪುರ ತಲುಪಿದ್ದರೂ ಮಣ್ಣು ಮಾಡುವ ಮೊದಲು ಇಲ್ಲಿನ ಠಾಣೆಗೇ ಹೋಗಿ. ಘಟನೆ ಎಲ್ಲಿ ನಡೆದಿದ್ದರೂ ಯಾವುದೇ ಠಾಣೆ ಮಾಹಿತಿ ಬರೆದುಕೊಳ್ಳಬೇಕು ಎಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆ ಸ್ಪಷ್ಟವಾಗಿ ಹೇಳಿದೆ. ಝೀರೋ ಎಫ್‌ಐಆರ್ ಎನ್ನುವುದು ಇದನ್ನೇ. ಹೆಣದ ಮುಂದೆ ಕೂತು ಅಳುವವರಿಗೆ ಇದನ್ನು ಹೇಳುವುದು ಕಷ್ಟ. ಹೇಳಲೇಬೇಕು. ಮನೆಯವರಿಗೆ ನೇರವಾಗಿ ಹೇಳುವ ಬದಲು ಓಣಿಯ ಹಿರಿಯ ಹೆಂಗಸಿನ ಬಾಯಿಂದ ಹೇಳಿಸಿದರೆ ನಡೆಯುತ್ತದೆ.

ಪರಿಹಾರದ ಲೆಕ್ಕವನ್ನು ಪ್ರತಿಯೊಬ್ಬ ಕಾರ್ಯಕರ್ತನೂ ಬಾಯಿಪಾಠ ಮಾಡಿರಬೇಕು. 1923ರ ನೌಕರರ ಪರಿಹಾರ ಕಾಯ್ದೆಯೂ 2025ರ ನವೆಂಬರ್‌ನಲ್ಲಿ ಸಂಹಿತೆಯೊಳಗೆ ಸೇರಿಹೋಯಿತು, ಅದರ ಸೂತ್ರ ಮಾತ್ರ ಉಳಿದಿದೆ: ಸಾವಾದರೆ ತಿಂಗಳ ಪಗಾರದ ಅರ್ಧವನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಬೇಕು. ಮೂವತ್ತು ವರ್ಷದವನಿಗೆ ಆ ಅಂಕಿ 207.98. ಪಗಾರದ ಮಿತಿ 2020ರ ಜನವರಿಯಲ್ಲಿ 15,000 ರೂಪಾಯಿ ಆಯಿತು. ಅಂದರೆ 7,500 ಗುಣಿಸು 207.98. ಸುಮಾರು 15 ಲಕ್ಷ 60 ಸಾವಿರ. ಈ ಅಂಕಿಯನ್ನು ಹಲಗೆಯ ಮೇಲೆ ಬರೆದಾಗ ಸಭೆಯಲ್ಲಿ ಗದ್ದಲವೋ ಗದ್ದಲ. ಹಿಂದೆ ಐವತ್ತು ಸಾವಿರಕ್ಕೆ ಹೆಬ್ಬೆಟ್ಟು ಒತ್ತಿದವರ ಮನೆಯವರು ಅಲ್ಲೇ ಕೂತಿರುತ್ತಾರೆ.

ಇನ್ನೂ ಒಂದು ವಿಷಯ ಹಲವು ವಕೀಲರಿಗೂ ಹೊಳೆಯುವುದಿಲ್ಲ. ಅಪಘಾತ ಗೋವಾದಲ್ಲಾದರೂ ಕುಟುಂಬ ವಾಸವಿರುವ ಕಡೆಯೇ ಅರ್ಜಿ ಹಾಕಲು ಹಳೆಯ ಕಾಯ್ದೆಯ 1995ರ ತಿದ್ದುಪಡಿಯಿಂದಲೇ ಅವಕಾಶ ಇದೆ. ವಿಧವೆಯೊಬ್ಬಳು ಪಣಜಿಗೆ ಓಡಾಡಬೇಕಿಲ್ಲ. ಅವಧಿ ಎರಡು ವರ್ಷ. ಹೆಂಗಸರಿಗೆ, ಕಾರ್ಮಿಕರಿಗೆ, ದಲಿತರಿಗೆ, ಆದಿವಾಸಿಗಳಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ ಸಿಗುತ್ತಾರೆ. ಫೋನ್ 15100.

5. ಊರಲ್ಲಿ ಉಳಿದವರಿಂದ ಶುರು ಮಾಡಿ

ವಲಸೆ ಹೋದವರ ಸಂಘ ಎಂದು ಹೋದವರನ್ನೇ ಹುಡುಕಿಕೊಂಡು ಅಲೆಯುವುದರಲ್ಲಿ ಅರ್ಥವಿಲ್ಲ. ಊರಲ್ಲಿ ಹೆಂಗಸರು ಇರುತ್ತಾರೆ. ಗಂಡ ಯಾವ ಸೈಟಿನಲ್ಲಿದ್ದಾನೆ, ಹಣ ಯಾವಾಗ ಬಂತು, ಯಾವಾಗಿನಿಂದ ಫೋನ್ ಎತ್ತುತ್ತಿಲ್ಲ ಎಂಬುದೆಲ್ಲ ಅವರ ಬೆರಳ ತುದಿಯಲ್ಲಿರುತ್ತದೆ.

ಖಾನಾಪುರ ತಾಲೂಕಿನಲ್ಲಿ ಈ ದಾರಿ ಮೊದಲೇ ಬಿದ್ದಿದೆ. ಜಾಗೃತಿ ಮಹಿಳಾ ಒಕ್ಕೂಟ, ಗ್ರಾಮೀಣ ಕೂಲಿಕಾರ್ಮಿಕರ ಸಂಘಟನೆ (ಗ್ರಾಕೂಸ್) ಇವರು ಉದ್ಯೋಗ ಖಾತ್ರಿ ಕೆಲಸದ ಸುತ್ತ ಹೆಂಗಸರನ್ನು ಕೂಡಿಸಿದರು. ಬೆಳಗಾವಿ ಜಿಲ್ಲೆಗೆ ಆ ಯೋಜನೆ ಬಂದದ್ದು 2007ರಲ್ಲಿ, ಎರಡನೇ ಹಂತದಲ್ಲಿ. ಫಾರ್ಮ್ ನಂಬರ್ 6 ಕೊಟ್ಟು ತಾರೀಕು ಹಾಕಿದ ರಸೀದಿ ಇಸಿದುಕೊಳ್ಳುವುದು ನೋಡಲು ಚಿಕ್ಕ ಕೆಲಸ. ರಸೀದಿ ಇದ್ದರೆ ಮಾತ್ರ ಹದಿನೈದು ದಿನದೊಳಗೆ ಕೆಲಸ ಕೊಡದ ಪಂಚಾಯಿತಿಯಿಂದ ನಿರುದ್ಯೋಗ ಭತ್ಯೆ ಕೇಳಬಹುದಿತ್ತು. ಆ ರಸೀದಿಗಾಗಿಯೇ ಮಧ್ಯಾಹ್ನದವರೆಗೆ ಪಂಚಾಯಿತಿ ಕಟ್ಟೆಯ ಮೇಲೆ ಕೂತ ಹೆಂಗಸರು ಈಗ ಯಾವ ಕಚೇರಿಗೂ ಹೆದರುವುದಿಲ್ಲ.

ಉದ್ಯೋಗ ಖಾತ್ರಿಯಿಂದ ವಲಸೆ ನಿಲ್ಲುತ್ತದೆ ಎಂದು ವೇದಿಕೆಗಳ ಮೇಲೆ ಹೇಳುತ್ತಾರೆ. ನಾನು ಹಾಗೆ ಹೇಳುವುದಿಲ್ಲ. 2025–26ರಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿ. ಗೋವಾದಲ್ಲಿ ಗೌಂಡಿಗೆ ಇದರ ದುಪ್ಪಟ್ಟಿಗೂ ಮಿಗಿಲು ಸಿಗುತ್ತದೆ, ಹೋಗುವವ ಹೋಗಿಯೇ ಹೋಗುತ್ತಾನೆ. ಆದರೆ ಮನೆಯಲ್ಲಿ ಹೆಂಡತಿಗೆ ಕೂಲಿ ಇದ್ದರೆ ಅವನು ಮುಂಗಡ ತೆಗೆದುಕೊಳ್ಳದೆ ಹೋಗುತ್ತಾನೆ. ಮುಂಗಡ ಇಲ್ಲದವನು ಜಗಳವಾದರೆ ಗಂಟು ಕಟ್ಟಿ ವಾಪಸು ಬರಬಹುದು. 2025ರ ಡಿಸೆಂಬರ್‌ನಲ್ಲಿ ಸಂಸತ್ತು 2005ರ ಕಾಯ್ದೆಯ ಜಾಗಕ್ಕೆ ಹೊಸದನ್ನು ತಂದು 100 ದಿನವನ್ನು 125 ಮಾಡಿತು, ಜೊತೆಗೆ ಬಿತ್ತನೆ ಸುಗ್ಗಿಯ ಕಾಲದಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸಲು ಅವಕಾಶ ಇಟ್ಟಿತು. ಆ ಅರವತ್ತು ದಿನ ಯಾವ ತಿಂಗಳಲ್ಲಿ ಬೀಳುತ್ತವೆ ಎಂಬುದರ ಮೇಲೆ ಎಲ್ಲ ನಿಂತಿದೆ. ದೀಪಾವಳಿಯ ಹಿಂದೆ ಮುಂದೆ ಬಿದ್ದರೆ ಗುತ್ತೇದಾರನಿಗೆ ಹಬ್ಬವೋ ಹಬ್ಬ.

6. ರೇಷನ್ ಬಗ್ಗೆ ಎರಡು ಮಾತು

ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಗೆ ಕರ್ನಾಟಕ, ಗೋವಾ ಎರಡೂ 2020ರ ಜನವರಿಯಲ್ಲೇ ಸೇರಿವೆ. ಖಾನಾಪುರದ ಕಾರ್ಡಿನ ಮೇಲೆ ವಾಸ್ಕೊದಲ್ಲಿ ಅಕ್ಕಿ ಪಡೆಯಬಹುದು, ಆದರೆ ಕೇಂದ್ರದ ಪಾಲು ಮಾತ್ರ. ಮನೆಯ ಎಲ್ಲರ ಇ–ಕೆವೈಸಿ ಆಗಿರಬೇಕು. ಸಿಮೆಂಟಿನಲ್ಲಿ ಕೈ ತೊಯ್ಯಿಸಿದವರ ಬೆರಳಚ್ಚು ಸವೆದಿರುತ್ತದೆ, ಯಂತ್ರ ಹಿಡಿಯುವುದಿಲ್ಲ. ಕೆಲಸ ಬಿಟ್ಟು ಊರಲ್ಲಿ ಕೆಲವು ವಾರ ಕಳೆದ ಮೇಲೆ ಬೆರಳು ಕೊಡಿಸಿ, ಹಿಡಿಯುತ್ತದೆ.

7. ವೇದಿಕೆಯ ಮೇಲೆ ಬಾವುಟ ಬೇಡ

ತಾಲೂಕಿನ ಮೂಡಣ ಭಾಗದ ಬೀಡಿ, ಕಕ್ಕೇರಿ, ಇಟಗಿ ಕನ್ನಡದ ಊರುಗಳು. ಪಡುವಣದ ಜಾಂಬೋಟಿ, ಗುಂಜಿ, ಕಣಕುಂಬಿ ಕಡೆ ಮರಾಠಿ. ಬೆಳಗಾವಿಯಲ್ಲಿ ನವೆಂಬರ್ 1ರಂದು ಒಂದು ಕಡೆ ರಾಜ್ಯೋತ್ಸವದ ಮೆರವಣಿಗೆ, ಇನ್ನೊಂದು ಕಡೆ ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಎನ್ನುವವರ ಕರಾಳ ದಿನ. ಇದರ ನಡುವೆ ಸಂಘ ಕಟ್ಟಬೇಕು. ನಮ್ಮ ಚೀಟಿ, ರಸೀದಿ, ಅರ್ಜಿ ಎಲ್ಲ ಎರಡೂ ಭಾಷೆಯಲ್ಲಿರುತ್ತವೆ. ಸಭೆಯಲ್ಲಿ ಒಬ್ಬರು ಕನ್ನಡದಲ್ಲಿ ಹೇಳಿದರೆ ಇನ್ನೊಬ್ಬರು ಮರಾಠಿಯಲ್ಲಿ. ಸಮಯ ಇಮ್ಮಡಿ ಹಿಡಿಯುತ್ತದೆ, ಹಿಡಿಯಲಿ. 2022ರ ಡಿಸೆಂಬರ್‌ನಲ್ಲಿ ಹಿರೇಬಾಗೇವಾಡಿ ಟೋಲ್ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದು ಕರ್ನಾಟಕ, ಮಹಾರಾಷ್ಟ್ರಗಳ ನಡುವೆ ಬಸ್ಸು ನಿಂತಾಗ ಗಂಟು ಹೊತ್ತು ಸ್ಟ್ಯಾಂಡಿನಲ್ಲಿ ಕೂತವರು ಎರಡೂ ಭಾಷೆಯ ಕೂಲಿಯವರೇ. ಅತ್ತ ಗೋವಾದಲ್ಲಿ ಇಬ್ಬರನ್ನೂ ‘ಘಾಟಿ’, ಅಂದರೆ ಘಟ್ಟದ ಮೇಲಿನವರು, ಎಂದೇ ಕರೆಯುತ್ತಾರೆ. ಒಗ್ಗಟ್ಟಿನ ಬಗ್ಗೆ ನಾನು ಬೇರೆ ಭಾಷಣ ಮಾಡುವುದಿಲ್ಲ, ಇದೊಂದನ್ನು ನೆನಪಿಸಿದರೆ ಎಲ್ಲರೂ ನಗುತ್ತಾರೆ.

8. ಬುಲ್ಡೋಜರ್ ಬಂದ ಮೇಲೆ ಪತ್ರ ಬರೆಯುತ್ತಾರೆ

ವಾಸ್ಕೊದ ಬೈನಾ ಕಡಲ ದಂಡೆಯ ಮನೆಗಳು 2004ರಲ್ಲಿ ಬಿದ್ದವು, 2015ರಲ್ಲಿ ಮತ್ತೆ ಬಿದ್ದವು. 2024ರ ಏಪ್ರಿಲ್‌ನಲ್ಲಿ ಸಾಂಗೋಲ್ಡಾದಲ್ಲಿ ಕನ್ನಡಿಗರ ಮನೆಗಳು ಬಿದ್ದಾಗ ನಮ್ಮ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಗೋವಾದ ಮುಖ್ಯಮಂತ್ರಿಗೆ ಪುನರ್ವಸತಿಗಾಗಿ ಮನವಿ ಮಾಡಿದರು. ಮನವಿ ಸರಿಯೇ. ಅಷ್ಟು ಹೊತ್ತಿಗೆ ಪಾತ್ರೆ ಪಗಡೆ ರಸ್ತೆಯಲ್ಲಿದ್ದವು.

2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಹದಿನೈದು ದಿನದ ನೋಟಿಸ್ ಇಲ್ಲದೆ ಮನೆ ಕೆಡವಬಾರದು ಎಂದಿತು. ಆ ತೀರ್ಪಿನ ಝೆರಾಕ್ಸ್ ಹಿಡಿದು ಓಡಾಡುವವರು ಬಹಳ ಜನ ಇದ್ದಾರೆ. ಪೂರ್ತಿ ಓದಿ. ರಸ್ತೆ, ನದಿ ದಂಡೆಯಂಥ ಸಾರ್ವಜನಿಕ ಜಾಗದ ಒತ್ತುವರಿಗೆ, ಕೋರ್ಟೇ ಕೆಡವಲು ಹೇಳಿದ ಕಟ್ಟಡಕ್ಕೆ ಅದು ಅನ್ವಯವಾಗುವುದಿಲ್ಲ. ಗೋವಾದ ದೊಡ್ಡ ತೆರವುಗಳ ಹಿಂದೆ ಸಾಮಾನ್ಯವಾಗಿ ಹೈಕೋರ್ಟಿನ ಆದೇಶ ಇರುತ್ತದೆ.

ಆದ್ದರಿಂದ ನೋಟಿಸ್ ಬಂದ ಮೇಲಿನ ಹೋರಾಟಕ್ಕಿಂತ ಜಾಗ ಹಿಡಿಯುವಾಗಿನ ವಿಚಾರಣೆ ಮುಖ್ಯ. ಅಲ್ಲಿ ಕೊಮುನಿದಾದ್ ಭೂಮಿ ಎಂಬುದೊಂದಿದೆ, ಪೋರ್ಚುಗೀಸರಿಗಿಂತಲೂ ಹಿಂದಿನ ಗ್ರಾಮಸಮುದಾಯಗಳ ಒಡೆತನದ್ದು. ದಲ್ಲಾಳಿಗಳು ಅದನ್ನು ತುಂಡು ಮಾಡಿ, ನೋಟರಿ ಮಾಡಿದ ಕಾಗದ ಕೊಟ್ಟು ನಮ್ಮವರಿಗೆ ಮಾರುತ್ತಾರೆ. ಮನೆಪಟ್ಟಿ ರಸೀದಿ, ಲೈಟ್ ಬಿಲ್ ಎಲ್ಲ ಬರುತ್ತವೆ, ಆದರೆ ನೆಲ ಮಾತ್ರ ನಿಮ್ಮದಾಗುವುದಿಲ್ಲ. ಊರಲ್ಲಿ ಹೊಲ ಮಾರಿ ಅಲ್ಲಿ ಇಂಥ ಮನೆ ಕೊಂಡವರ ಪಾಡು ಹೇಳತೀರದು.

ಮತದ ಪ್ರಶ್ನೆಯೂ ಇದಕ್ಕೇ ಅಂಟಿಕೊಂಡಿದೆ. ಎರಡು ಕಡೆ ಹೆಸರು ಇರುವಂತಿಲ್ಲ. 2025ರ ನವೆಂಬರ್‌ನಲ್ಲಿ ಗೋವಾದಲ್ಲಿ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ಶುರುವಾದಾಗ ಎಷ್ಟೋ ಮನೆಗಳಲ್ಲಿ ದಿಗಿಲು. ನನ್ನ ಅಭಿಪ್ರಾಯ ಇಷ್ಟು: ಹಂಗಾಮಿಗೆ ಹೋಗಿಬರುವವರು ಊರಲ್ಲಿ ಉಳಿಸಿಕೊಳ್ಳಲಿ, ಮಕ್ಕಳನ್ನು ಅಲ್ಲಿನ ಶಾಲೆಗೆ ಹಾಕಿದವರು ಅಲ್ಲಿಗೇ ಹಾಕಿಸಿಕೊಳ್ಳಲಿ. ಮತ ಇಲ್ಲದ ಓಣಿಗೆ ನಲ್ಲಿ ನೀರೂ ಬರುವುದಿಲ್ಲ.

9. ಉದ್ಯಮಬಾಗಕ್ಕೂ ಹೋಗಬೇಕು

ಗೋವಾದ ಅಧಿಕಾರಿಯೊಬ್ಬರು ನಮ್ಮ ಮನವಿ ಓದಿ ತಲೆ ಎತ್ತಿ ಕೇಳಿದ್ದರು: “ನಿಮ್ಮ ಬೆಳಗಾವಿಯ ಫೌಂಡ್ರಿಗಳಲ್ಲಿ ಬಿಹಾರದವರಿಗೆ ಇದೆಲ್ಲ ಕೊಡಿಸಿದ್ದೀರಾ?” ವ್ಯಂಗ್ಯವಾಗಿಯೇ ಕೇಳಿದ್ದು. ಆದರೂ ಪ್ರಶ್ನೆ ಪ್ರಶ್ನೆಯೇ.

ಉದ್ಯಮಬಾಗ, ಮಚ್ಛೆ ಕಡೆಯ ಫೌಂಡ್ರಿಗಳಲ್ಲಿ ಕುಲುಮೆಯ ಮುಂದೆ ನಿಲ್ಲುವವರಲ್ಲಿ ಬಿಹಾರ, ಉತ್ತರ ಪ್ರದೇಶ, ಒಡಿಶಾದ ಹುಡುಗರು ಬಹಳ. “ಅವ್ರು ಬಂದ ರೇಟ್ ಕೆಡಿಸ್ಯಾರ ಅಕ್ಕಾರ” ಎಂದು ನಮ್ಮ ಸಂಘದವರೇ ಗೊಣಗುತ್ತಾರೆ. ಗೋವಾದವರೂ ಖಾನಾಪುರದ ಗೌಂಡಿಗಳ ಬಗ್ಗೆ ಇದೇ ಮಾತು ಆಡುತ್ತಾರೆ ಎಂದರೆ ಸುಮ್ಮನಾಗುತ್ತಾರೆ, ಒಪ್ಪುವುದಿಲ್ಲ. ಒಪ್ಪಿಸಲು ಒಂದು ದಾರಿ ಇದೆ: ಕನಿಷ್ಠ ವೇತನದ ಪಟ್ಟಿಯನ್ನು ಹಿಂದಿಯಲ್ಲಿ ಬರೆಸಿ ಫ್ಯಾಕ್ಟರಿ ಗೇಟಿನ ಚಹಾ ಅಂಗಡಿಯಲ್ಲಿ ಅಂಟಿಸುವ ಕೆಲಸವನ್ನು ಗೊಣಗುವವನ ಕೈಗೇ ಕೊಡುವುದು. ಅಂಟಿಸುತ್ತ ನಾಲ್ಕು ಮಾತು ಆಗುತ್ತವೆ.

ಕಬ್ಬಿನ ಹಂಗಾಮು ಇನ್ನೂ ಗಂಭೀರ. ಇಪ್ಪತ್ತಕ್ಕೂ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವ ಈ ಜಿಲ್ಲೆಗೆ ಬೇರೆ ಜಿಲ್ಲೆಗಳಿಂದ, ಮಹಾರಾಷ್ಟ್ರದಿಂದ ಕಡಿಯುವ ಗ್ಯಾಂಗುಗಳು ಬಂದು ಹೊಲದ ಬದುವಿನಲ್ಲಿ ಗುಡಿಸಲು ಹಾಕುತ್ತವೆ. ಗಂಡ ಹೆಂಡತಿ ಸೇರಿ ಮುಂಗಡ ತೆಗೆದುಕೊಂಡಿರುತ್ತಾರೆ, ತೀರುವ ತನಕ ಬಿಡುಗಡೆ ಇಲ್ಲ. ಮುಂಗಡದ ಹೆಸರಲ್ಲಿ ಹೋಗಲು ಬಿಡದಿದ್ದರೆ 1976ರ ಕಾಯ್ದೆಯ ಪ್ರಕಾರ ಅದು ಜೀತ. ಉಪವಿಭಾಗಾಧಿಕಾರಿ ಬಿಡುಗಡೆ ಪತ್ರ ಕೊಡಬಹುದು, ಸಾಲ ಅಲ್ಲಿಗೇ ರದ್ದು. ಪುನರ್ವಸತಿಗೆ ಒಂದರಿಂದ ಮೂರು ಲಕ್ಷದವರೆಗೆ ಇದೆ. ಆದರೆ ಜೀತ ಎಂಬ ಪದ ಬರೆಯಲು ಕಚೇರಿಗಳು ಹಿಂಜರಿಯುತ್ತವೆ. “ಪಗಾರದ ತಕರಾರು” ಎಂದು ಬರೆದು ಕೈ ತೊಳೆದುಕೊಳ್ಳಲು ನೋಡುತ್ತವೆ. ಅರ್ಜಿಯಲ್ಲಿ ಮುಂಗಡದ ಮೊತ್ತ, ಕೊಟ್ಟ ತಾರೀಕು, ಹೋಗಲು ಕೇಳಿದಾಗ ಗ್ಯಾಂಗಿನ ಮೇಸ್ತ್ರಿ, ಅಂದರೆ ಮುಕಾದಮ, ಆಡಿದ ಮಾತು, ಈ ಮೂರನ್ನೂ ಬರೆಯಿರಿ.

10. ಡಿಸೆಂಬರ್ ಟೆಂಟು

ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವಾಗ ಕೊಂಡಸಕೊಪ್ಪ, ಬಸ್ತವಾಡದ ಬಯಲಲ್ಲಿ ರಾಜ್ಯದ ಎಲ್ಲ ಸಂಘಗಳ ಟೆಂಟುಗಳು. ನಮಗೆ ಮನೆ ಬಾಗಿಲಿಗೇ ಸರ್ಕಾರ. ವಿಚಿತ್ರವೆಂದರೆ ವಲಸೆ ಕಾರ್ಮಿಕರು ಒಬ್ಬರೂ ಆಗ ಊರಲ್ಲಿರುವುದಿಲ್ಲ. ಅವರ ಪರವಾಗಿ ಹೆಂಡಂದಿರು, ಅವ್ವಂದಿರು ಬರಬೇಕು. ಹದಿನೆಂಟು ಬೇಡಿಕೆಗಳ ಪಟ್ಟಿ ಬೇಡ. ಒಂದೇ ಬೇಡಿಕೆ, ಒಂದೇ ಇಲಾಖೆ, ಅದರ ಕಾರ್ಯದರ್ಶಿಯ ಹುದ್ದೆಯ ಹೆಸರು. ಮಂತ್ರಿಗಳು ಮನವಿ ತೆಗೆದುಕೊಂಡು ಪಕ್ಕದವರ ಕೈಗೆ ಕೊಡುತ್ತಾರಲ್ಲ, ಆ ಪಕ್ಕದವರ ಫೋನ್ ನಂಬರ್ ಇಸಿದುಕೊಳ್ಳಿ.

11. ರಾತ್ರಿ ಬರುವ ಫೋನು

ಸೈಟಿನಲ್ಲಿ ಸಿಕ್ಕಿಬಿದ್ದವರ ಕರೆ ಬರುವುದು ಯಾವಾಗಲೂ ಹತ್ತರ ಮೇಲೆ, ಸೂಪರ್‌ವೈಸರ್ ಹೋದ ಬಳಿಕ. ಅಳು, ಬೈಗುಳ, ಎಲ್ಲ ಸೇರಿ ಬರುತ್ತವೆ. ಮೊದಲು ಕೇಳಬೇಕಾದದ್ದು: ಯಾರಿಗಾದರೂ ಪೆಟ್ಟಾಗಿದೆಯೇ, ಜೊತೆಗೆ ಎಷ್ಟು ಜನ, ಹೆಂಗಸರು ಮಕ್ಕಳು ಇದ್ದಾರೆಯೇ, ಫೋನಿನ ಚಾರ್ಜು ಎಷ್ಟು ಉಳಿದಿದೆ. ಆಮೇಲೆ ಲೊಕೇಶನ್ ಕಳಿಸಲು ಹೇಳಿ, ಆ ಬೋರ್ಡಿನ ಸೆಲ್ಫಿ ಯಾರ ಹತ್ತಿರ ಇದೆ ಎಂದು ವಿಚಾರಿಸಿ. ಆಧಾರ್ ಕಾರ್ಡುಗಳನ್ನು ಗುತ್ತೇದಾರ ಇಟ್ಟುಕೊಂಡಿದ್ದಾನೆಯೇ ಎಂಬುದನ್ನು ಬೇರೆಯಾಗಿ ಕೇಳಿ, ಅವರಾಗಿ ಹೇಳುವುದಿಲ್ಲ. “ನಾಳೆ ಬಿಡಿಸಿಕೊಂಡು ಬರ್ತೀನಿ” ಎಂದು ಮಾತ್ರ ಹೇಳಬೇಡಿ. “ಮುಂಜಾನಿ ಏಳಕ್ಕ ಫೋನ್ ಮಾಡ್ತೀನಿ” ಎಂದು ಹೇಳಿ, ಏಳಕ್ಕೆ ಸರಿಯಾಗಿ ಮಾಡಿ.